ಇದ್ದಲ್ಲಿ, ಇದ್ದ ಹಾಗೆ

ತೂಬಿನಕೆರೆ, ಪ್ಲಾಟು ನಲವತ್ತೇಳು.
ಗೇಟಿಗೆ ಬ್ಯಾಂಕು ಅಂಟಿಸಿದ ನೋಟೀಸಿನ ಮೇಲೆ
ಯಾರೋ ಎಲೆಯಡಿಕೆ ಉಗಿದಿದ್ದಾರೆ; ಮೊತ್ತ ಮಾತ್ರ ಕಾಣುತ್ತದೆ,
ಒಂದು ಕೋಟಿ ಎಂಬತ್ತು.
ಬ್ಯಾಂಕಿನ ಹುಡುಗ ಬೀಗದ ಕೈಗಳ ಗೊಂಚಲಲ್ಲಿ ತಡಕಾಡಿ
ಹನ್ನೊಂದನೆಯದಕ್ಕೆ ಬಾಗಿಲು ತೆಗೆದ.
'ಮೊದಲೇ ಹೇಳಿಬಿಡ್ತೀನಿ ಮೇಡಂ,
ಇದ್ದಲ್ಲಿ, ಇದ್ದ ಹಾಗೆ.'

ನನಗೆ ಬೇಕಿರುವುದು ಡಿಸೆಂಬರು.
ಅವರೆಯ ಸೊಗಡು ಮಂಡ್ಯದ ಮಾರ್ಕೆಟಿನಲ್ಲಿ ಮೂರೇ ತಿಂಗಳು;
ಚಳಿ ಶಿವಶಿವಾ ಎಂದು ಹೊರಟಿತೋ
ಹಿತುಕುವ ಹದಿನಾಲ್ಕು ಜೊತೆ ಕೈಗಳು ಖಾಲಿ.
ನಾಗಮಂಗಲದ ಹೊಲಗಳಲ್ಲಿ ಇಬ್ಬನಿ ಪುಕ್ಕಟೆ ಮಾಡುವ ಕೆಲಸವನ್ನು
ಇಲ್ಲಿ ಮೀಟರು ಓಡಿಸಿ ಮಾಡಬೇಕು.
ಜೂನಿನ ಬೀಗರೂಟಕ್ಕೆ
ಡಿಸೆಂಬರನ್ನು ಕಿಲೋ ಲೆಕ್ಕದಲ್ಲಿ ತೂಗಿಕೊಡುವುದು,
ಇಷ್ಟೇ ಆಸೆ. ಆಸೆಗೆ ಬಡ್ಡಿ ಹತ್ತೂವರೆ.

ಜೊತೆಗೆ ಬಂದವರು ಇಬ್ಬರು.
ಅಮಾನುಲ್ಲಾ ಸಾಬರು, ಮೂವತ್ತು ವರ್ಷ ಕಂಪ್ರೆಸರುಗಳ ನಾಡಿ ಹಿಡಿದವರು.
ಕೆಂಪಾಜಮ್ಮ, ಕರೆಯದೆಯೇ ಆಟೋ ಹತ್ತಿದವಳು.

ಸಾಬರು ಮೂಗಿನಿಂದ ಶುರು ಮಾಡಿದರು.
'ಅಮೋನಿಯಾ ಇಲ್ಲ, ಅದರ ವಾಸನೆಯೂ ಇಲ್ಲ.
ಜೀವ ಹೋಗಿ ಎರಡು ವರ್ಷ.'
ಮೋಟಾರಿನ ಹೊಟ್ಟೆ ಬಗೆದು ತಾಮ್ರ ಎಳೆದಿದ್ದಾರೆ.
ಬಟಾಣಿ ಬೇಯಿಸುತ್ತಿದ್ದ ತೊಟ್ಟಿಯ ತಳದಲ್ಲಿ
ಸೋರಿದ ಮಳೆನೀರು, ಗೊದಮೊಟ್ಟೆ.
ಸಾಬರು ಬೆರಳು ಮಡಿಸುತ್ತಾ ಹೋದರು. ಒಂದೊಂದು ಬೆರಳಿಗೂ
ನನ್ನ ಮೂವತ್ತು-ನಲವತ್ತರ ಸೈಟು ಒಂದೊಂದು ಮೊಳ ಕರಗಿತು.

ಮೈನಸ್ ಹದಿನೆಂಟರ ಕೋಣೆ. ಗೇಣು ದಪ್ಪದ ಬಾಗಿಲು.
ಒಳಗೆ, ಪೈಪು ಕಿತ್ತ ತೂತಿನಿಂದ ನುಗ್ಗಿ,
ಬೆಕ್ಕೊಂದು ಹಳೆಯ ಗೋಣಿಯ ಮೇಲೆ
ನಾಲ್ಕು ಮರಿ ಹಾಕಿಕೊಂಡು ಬೆಚ್ಚಗೆ ಮಲಗಿತ್ತು.
ಬ್ಯಾಂಕಿನವನು ನಕ್ಕ. ಸಾಬರು ನಗಲಿಲ್ಲ.
'ಪ್ಯಾನೆಲ್ ಗಟ್ಟಿ ಇದೆ ಅಂತ ಅರ್ಥ.
ಗೋಡೆಗೆ ಚಳಿ ಗೊತ್ತಿಲ್ಲಮ್ಮ, ಬಿಸಿಯೂ ಗೊತ್ತಿಲ್ಲ.
ಒಳಗೆ ಇಟ್ಟಿದ್ದನ್ನ ಬಿಟ್ಟುಕೊಡಲ್ಲ, ಅಷ್ಟೇ.'

ಟಾರ್ಚು ಹಾಯಿಸಿದೆ.
ಬಾಗಿಲ ಹಿಂದೆ ಮಾರ್ಕರಿನಲ್ಲಿ ಉದ್ದಕ್ಕೆ ಹೆಸರುಗಳು.
ಸಣ್ಣತಾಯಮ್ಮ ೧೯
ಜವರಮ್ಮ ೨೨
ಮುಬೀನಾ ೨೨
ಪುಟ್ಟಲಕ್ಷ್ಮಿ ೭, ಪಕ್ಕದಲ್ಲಿ 'ಬಾಣಂತಿ'
'ಇದೇನು, ಚೀಲದ ಲೆಕ್ಕವಾ?'
'ದಿನದ ಲೆಕ್ಕ,' ಅಂದಳು ಕೆಂಪಾಜಮ್ಮ,
'ಕೂಲಿ ಕೊಡದೆ ಹೋದ ದಿನದ್ದು.'
ಆಮೇಲೆ ಸೆರಗಿನಿಂದ ಏಳನೆಯ ಸಾಲಿನ ಧೂಳು ಒರೆಸಿದಳು.
ಕೆಂಪಾಜಮ್ಮ ೨೬.

ಎರಡು ಅವರೆಗಾಲ ನನ್ನೆದುರು ಕೂತು ಹಿತುಕಿದ್ದಾಳೆ.
ಬೆರಳ ಸಂದಿಯಿಂದ ಬೇಳೆ ಚಿಮ್ಮುವಾಗ
ಊರಿನ ಮಾತೆಲ್ಲ ಚಿಮ್ಮಿಸಿದ್ದಾಳೆ;
ಇದೊಂದು ಸಿಪ್ಪೆಯೊಳಗೇ ಉಳಿದಿತ್ತು.
'ಹೇಳಬಾರದಿತ್ತೇನೇ?'
'ಹೇಳಿದ್ರೆ ನೀವು ಇದನ್ನ ನೋಡೋಕೂ ಬರ್ತಿರಲಿಲ್ಲ.'

ಬ್ಯಾಂಕಿನವನು ಗಂಟಲು ಸರಿ ಮಾಡಿಕೊಂಡ.
'ಹಳೇ ಬಾಕಿಗೂ ನಮಗೂ ಸಂಬಂಧ ಇಲ್ಲ ಮೇಡಂ.
ಕರೆಂಟಿಂದು ಮಾತ್ರ ನೀವೇ ಕಟ್ಟಬೇಕು.'

ಕರೆಂಟಿನದು ಹನ್ನೊಂದು ಲಕ್ಷ ನಲವತ್ತು ಸಾವಿರ.
ಬಾಗಿಲ ಹಿಂದಿನದನ್ನು ನಾನೇ ಕೂಡಿದೆ:
ಮೂವತ್ತೊಂದು ಹೆಸರು, ಆರುನೂರ ಎರಡು ದಿನ,
ಆಗಿನ ಕೂಲಿ ಮುನ್ನೂರೈವತ್ತು.
ಎರಡು ಲಕ್ಷ ಹತ್ತು ಸಾವಿರದ ಏಳುನೂರು.
ಒಂದು ಮೋಟಾರಿಗೂ ಸಾಲದ ದುಡ್ಡು.
ಅದು ಯಾವ ಕಾಗದದಲ್ಲೂ ಇಲ್ಲ,
ಇದ್ದಲ್ಲಿ, ಇದ್ದ ಹಾಗೆ, ಇದೆ.

ಹೊರಡುವ ಮುಂಚೆ ಸಾಬರು ಅಂದರು,
'ಒಂದ್ಸಲ ಒಳಗೆ ನಿಂತು ಬಾಗಿಲು ಹಾಕಿಸ್ಕೊಳ್ಳಿ.'
ಕತ್ತಲು. ಬೆಕ್ಕಿನ ಗುರುಗುರು.
ನನ್ನ ಉಸಿರು ಗೋಡೆ ಮುಟ್ಟಿ ನನಗೇ ವಾಪಸು.
ತಡವಿ ತಡವಿ ಗುಬುಟು ಸಿಕ್ಕಿತು, ತಳ್ಳಿದೆ.
ಜಗ್ಗಲಿಲ್ಲ. ಭುಜ ಕೊಟ್ಟೆ.
ಹೊರಗಿನಿಂದ ಎಳೆದವಳು ಕೆಂಪಾಜಮ್ಮ.
'ಅದು ಯಾವಾಗ್ಲೂ ಹಂಗೇಯ.
ನಮ್ಮಲ್ಲೊಬ್ಬರು ಹೊರಗೆ ನಿಂತಿರ್ತಿದ್ವಿ.'

ಸಾಬರ ಪಟ್ಟಿಯಲ್ಲಿ ಮೊದಲು ಅದನ್ನೇ ಬರೆಸಿದೆ:
ಬಾಗಿಲು, ಒಳಗಿಂದ ತೆರೆಯುವುದು.
ಆಮೇಲೆ ಮೋಟಾರು, ಬೆಲ್ಟು, ಛಾವಣಿಯ ಸೋರಿಕೆ.
ಹರಾಜು ಗುರುವಾರ.
ಬೆಕ್ಕಿಗೆ ಎಲ್ಲಿ ಜಾಗ ಅನ್ನುವುದು
ಇನ್ನೂ ತೀರ್ಮಾನವಾಗಿಲ್ಲ.